ಕೀಟದ ಬಾಯಿ ಬಿಟ್ಟ ಗುರುತು

ಮದರಾಸಿನಲ್ಲಿ 1869ರಲ್ಲಿ ಸ್ಥಾಪನೆಯಾದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವು, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದ ಕರ್ನಲ್ ಕಾಲಿನ್ ಮೆಕೆಂಜಿ ಹಾಗೂ ತೆಲುಗು ವಿದ್ವಾಂಸ ಸಿ. ಪಿ. ಬ್ರೌನ್ ಮೊದಲಾದವರು ಕೂಡಿಸಿದ ಸಂಗ್ರಹಗಳ ತಳಹದಿಯ ಮೇಲೆ ಬೆಳೆದದ್ದು; ಸಂಸ್ಕೃತ, ತಮಿಳು, ತೆಲುಗು ಗ್ರಂಥಗಳ ಜೊತೆಗೆ ಕನ್ನಡದ ಓಲೆಗರಿಗಳೂ ಅಲ್ಲಿ ಸೇರಿವೆ. ಕಡಲತೀರದ ತೇವ ಮತ್ತು ಸೆಕೆ ಎರಡೂ ಕೂಡಿದ ಊರಿನಲ್ಲಿ ಓಲೆಗೂ ಕಾಗದಕ್ಕೂ ಹುಳುವಿನ ಕಾಟ ತಪ್ಪಿದ್ದಲ್ಲ. ಇಂಥ ಸಂಗ್ರಹಗಳನ್ನು ಕಾಪಾಡುವ ಅನುಭವಸ್ಥರು ಹುಳುವನ್ನು ಕಣ್ಣಾರೆ ಕಾಣುವ ಮೊದಲೇ, ಗರಿಗೆ ಆದ ಗಾಯದ ಆಕಾರ ನೋಡಿ ಅದು ಯಾರ ಕೆಲಸವೆಂದು ಹೇಳಬಲ್ಲರು.

ಹಾಳೆಯ ಮೇಲ್ಪದರ ಮಾತ್ರ ಅಲ್ಲಲ್ಲಿ ಹೆರೆದು ತೆಳುವಾಗಿ, ಅಂಚು ಅಂಕುಡೊಂಕಾಗಿದ್ದರೆ ಅದು ಬೆಳ್ಳಿಮೀನು ಎಂದು ಕರೆಯಲಾಗುವ ರೆಕ್ಕೆಯಿಲ್ಲದ ಕೀಟದ್ದು. ಅದರ ಚಿಕ್ಕ ದವಡೆಗಳು ಮೇಲ್ಮೈಯನ್ನು ಕೆರೆಯಲು ಸಾಕಾಗುತ್ತವೆ, ರಟ್ಟಿನ ಗಂಜಿ ಅಂಟು ಅದಕ್ಕೆ ಪ್ರಿಯವಾದ ಆಹಾರ. ಗರಿಯಿಂದ ಗರಿಗೆ ನೇರವಾಗಿ ಹಾಯ್ದುಹೋದ ಸಣ್ಣ ದುಂಡು ತೂತುಗಳಿದ್ದರೆ ಅದು ಗ್ಯಾಸ್ಟ್ರಾಲಸ್ ಇಂಡಿಕಸ್ ಎಂಬ ಪುಟ್ಟ ದುಂಬಿಯ ಮರಿಹುಳುವಿನ ಕೆಲಸ. ಓಲೆಯೊಳಗೇ ಹುಟ್ಟಿ, ಓಲೆಯನ್ನೇ ತಿಂದು, ಸುರಂಗ ಕೊರೆಯುತ್ತಲೇ ಬೆಳೆಯುವ ಈ ಹುಳು ಒಂದೇ ಅಕ್ಷರದ ಜಾಗವನ್ನು ಇಪ್ಪತ್ತು ಗರಿಗಳಲ್ಲಿ ಸಾಲಾಗಿ ಅಳಿಸಿಬಿಡುವುದರಿಂದ ಪಾಠ ಸಂಪಾದಕರಿಗೆ ಇದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಹೊರಗಿನ ಮಡಿಕೆ ಹಾಗೇ ಉಳಿದು ಒಳಗಿನದೆಲ್ಲ ಮಣ್ಣುಮೆತ್ತಿದ ಪೊಳ್ಳಾಗಿದ್ದರೆ ಗೆದ್ದಲೆಂದು ಯಾರಾದರೂ ಹೇಳಬಹುದು. ಹೀಗೆ ಮೂರು ಗಾಯಗಳು ಮೂರು ಬಗೆಯಲ್ಲಿ ಕಂಡರೂ, ಅವುಗಳ ಹಿಂದಿರುವ ಬಾಯಿ ಒಂದೇ ಮಾದರಿಯ ‘ಕಚ್ಚಿ ಅಗಿಯುವ’ ಬಾಯಿ. ಕೀಟಲೋಕದಲ್ಲಿ ಇದೇ ಅತ್ಯಂತ ಹಳೆಯದು, ಉಳಿದ ಬಾಯಿಗಳೆಲ್ಲ ಇದರಿಂದಲೇ ರೂಪುಗೊಂಡವು.

ಆ ಮೂಲ ಮಾದರಿಯನ್ನು ನೋಡಲು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ತಲೆಮಾರುಗಳಿಂದ ಜಿರಲೆಯ ತಲೆಯನ್ನೇ ಬಿಡಿಸುತ್ತ ಬಂದಿದ್ದಾರೆ. ಮುಂದುಗಡೆ ಒಂದು ಚಪ್ಪಟೆ ಮುಚ್ಚಳದಂಥ ಮೇಲ್ದುಟಿ; ಅದರ ಹಿಂದೆ ಗಟ್ಟಿಯಾದ, ಹಲ್ಲುಳ್ಳ ಒಂದು ಜೊತೆ ದವಡೆಗಳು; ಅವುಗಳ ಹಿಂದೆ ಆಹಾರವನ್ನು ಹಿಡಿದು ಸರಿಸುವ, ರುಚಿ ನೋಡುವ ಒಂದು ಜೊತೆ ಉಪದವಡೆಗಳು; ಎಲ್ಲಕ್ಕೂ ಹಿಂದೆ, ಮತ್ತೊಂದು ಜೊತೆ ಅವಯವಗಳು ನಡುವೆ ಬೆಸೆದುಕೊಂಡು ಆದ ಕೆಳದುಟಿ; ನಡುವಿನಲ್ಲಿ ಜೊಲ್ಲಿನ ನಾಳ ತೆರೆದುಕೊಳ್ಳುವ ಮೆತ್ತನೆಯ ಒಳನಾಲಗೆ. ಉಪದವಡೆ ಮತ್ತು ಕೆಳದುಟಿಗಳಿಂದ ಗೆಣ್ಣುಗೆಣ್ಣಾದ ಸಣ್ಣ ಎಳೆಗಳು ಹೊರಚಾಚಿರುತ್ತವೆ, ಅವಕ್ಕೆ ಪಾಲ್ಪ್‌ಗಳೆಂದು ಹೆಸರು. ತಿನ್ನುವ ಮೊದಲು ತಡವಿ ಮೂಸಿ ನೋಡುವ ಕೆಲಸ ಅವುಗಳದ್ದು. ಮನುಷ್ಯನ ದವಡೆ ಮೇಲೆ ಕೆಳಗೆ ಆಡಿದರೆ ಕೀಟದ ದವಡೆಗಳು ಎಡಬಲದಿಂದ ಬಂದು ನಡುವೆ ಕೂಡುತ್ತವೆ, ಮತ್ತು ಹಲವು ಕೀಟಗಳಲ್ಲಿ ಅವುಗಳ ಅಲಗಿನಲ್ಲಿ ಸತು ಅಥವಾ ಮ್ಯಾಂಗನೀಸ್ ಸೇರಿಕೊಂಡು ಒಣಮರವನ್ನೂ ಕಡಿಯುವಷ್ಟು ಗಡಸುತನ ಬಂದಿರುತ್ತದೆ.

ಚಿಟ್ಟೆಯ ಸೊಂಡಿಲು, ಸೊಳ್ಳೆಯ ಸೂಜಿ, ಜೇನಿನ ನಾಲಗೆ ಇವೆಲ್ಲ ಬೇರೆಬೇರೆ ಅವಯವಗಳಾಗಿರದೆ ಇದೇ ಐದು ಭಾಗಗಳ ರೂಪಾಂತರಗಳೆಂದು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜೂಲ್ಸ್ ಸೀಸರ್ ಸಾವಿನ್ಯಿ 1816ರಲ್ಲೇ ತೋರಿಸಿಕೊಟ್ಟಿದ್ದರು. ಡಾರ್ವಿನ್ನನ ವಿಕಾಸವಾದದ ಗ್ರಂಥ ಬರಲು ಆಗ ಇನ್ನೂ ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲವಿತ್ತು. ದವಡೆ, ಉಪದವಡೆ, ಕೆಳದುಟಿಗಳು ಮೂಲದಲ್ಲಿ ಪೂರ್ವಜ ಜೀವಿಯ ಕಾಲುಗಳೇ ಎಂಬುದಕ್ಕೆ ಇನ್ನೊಂದು ಶತಮಾನದ ನಂತರ ವಿಚಿತ್ರವಾದ ಸಾಕ್ಷ್ಯವೊಂದು ದೊರೆಯಿತು. 1933ರಲ್ಲಿ ಬ್ರಿಡ್ಜಸ್ ಮತ್ತು ಡೊಬ್‌ಜಾನ್‌ಸ್ಕಿ ವಿವರಿಸಿದ ಹಣ್ಣುನೊಣದ ತಳಿಯೊಂದರಲ್ಲಿ, ಒಂದೇ ಜೀನ್ ಕೆಟ್ಟ ಕಾರಣ, ಬಾಯಿಯ ತುದಿಯಲ್ಲಿ ದ್ರವ ಹೀರುವ ಭಾಗ ಇರಬೇಕಾದಲ್ಲಿ ಕಾಲಿನಂಥ ಅವಯವ ಬೆಳೆದಿತ್ತು.

ಅಗಿಯುವ ಬಾಯಿಯ ವೈವಿಧ್ಯಕ್ಕೆ ಚೆನ್ನೈನಿಂದ ದಕ್ಷಿಣಕ್ಕೆ ಕಡಲಂಚಿನ ರಸ್ತೆಯುದ್ದಕ್ಕೂ ನಿಂತ ತೆಂಗಿನ ಮರಗಳೇ ಸಾಕು. ಬಿಚ್ಚಿಕೊಂಡ ಗರಿಯ ಎರಡೂ ಬದಿ ಬೀಸಣಿಗೆಯ ಅಂಚಿನ ಹಾಗೆ ಅಳತೆ ಮಾಡಿ ಕತ್ತರಿಸಿದಂತೆ ಕಂಡರೆ ಅದು ಕುರುವಾಯಿ ದುಂಬಿ ಮಾಡಿದ್ದು: ಸುಳಿಯಲ್ಲಿ ಗರಿ ಇನ್ನೂ ಮಡಿಚಿಕೊಂಡಿರುವಾಗ ದುಂಬಿ ಅಡ್ಡಲಾಗಿ ಕೊರೆದು ರಸ ಕುಡಿದಿರುತ್ತದೆ, ಗರಿ ಬಿಚ್ಚಿದ ಮೇಲೆ ಆ ಒಂದೇ ತೂತು ಎರಡೂ ಕಡೆ ಸಮನಾದ ಗಾಯವಾಗಿ ತೆರೆದುಕೊಳ್ಳುತ್ತದೆ. ಕೆಂಪು ಮೂತಿಹುಳುವಿನದು ಇನ್ನೂ ಕಪಟದ ಬಗೆ. ಸೊಂಡಿಲೆಂದು ಕಾಣುವ ಅದರ ಉದ್ದ ಮೂತಿ ನಿಜಕ್ಕೂ ಹೀರುವ ನಳಿಕೆಯಲ್ಲ. ತಲೆಯೇ ಮುಂದಕ್ಕೆ ಚಾಚಿ, ತುದಿಯಲ್ಲಿ ಪುಟ್ಟ ಅಗಿಯುವ ದವಡೆಗಳನ್ನು ಹೊತ್ತು ನಿಂತಿರುತ್ತದೆ. ಹೆಣ್ಣು ಅದರಿಂದ ಮರದಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ, ಮರಿಹುಳುಗಳು ಕಾಂಡದೊಳಗೆ ಸೇರಿ ತಿರುಳನ್ನು ತಿಂದುಹಾಕುತ್ತವೆ, ಮರದ ತಲೆ ಬಾಗಿದಾಗಲೇ ಮಾಲೀಕನಿಗೆ ಗೊತ್ತಾಗುವುದು.

ಹೀರುವ ಬಾಯಿಯಲ್ಲಿ ಬದಲಾದದ್ದು ಮುಖ್ಯವಾಗಿ ದವಡೆ ಮತ್ತು ಉಪದವಡೆಗಳ ಉದ್ದ. ತಿಗಣೆ, ಗಿಡಹೇನು, ಜಿಗಿಹುಳು, ಬಿಳಿನೊಣ, ಹಿಟ್ಟುತಿಗಣೆಗಳ ಗುಂಪಿನಲ್ಲಿ ಈ ನಾಲ್ಕೂ ಭಾಗಗಳು ಕೂದಲಿಗಿಂತ ಸಪುರವಾದ ಸೂಜಿಗಳಾಗಿ ಎಳೆದುಕೊಂಡಿವೆ. ಒಳಗಿನ ಎರಡು, ಅಂದರೆ ಉಪದವಡೆಯ ಸೂಜಿಗಳು, ಒಂದಕ್ಕೊಂದು ಕೂಡಿಕೊಂಡಾಗ ನಡುವೆ ಎರಡು ಕಾಲುವೆಗಳು ಏರ್ಪಡುತ್ತವೆ, ಒಂದರಲ್ಲಿ ಜೊಲ್ಲು ಕೆಳಗಿಳಿದರೆ ಇನ್ನೊಂದರಲ್ಲಿ ರಸ ಮೇಲೇರುತ್ತದೆ. ಕೆಳದುಟಿ ಈ ಸೂಜಿಗಳಿಗೆಲ್ಲ ಒರೆಯಾಗಿ ಉಳಿದಿದೆ. ಗಿಡಹೇನಿನ ಸೂಜಿ ಸಸ್ಯದ ಜೀವಕೋಶಗಳ ಸಂದಿಯಲ್ಲೇ ದಾರಿ ಮಾಡಿಕೊಂಡು ಸಕ್ಕರೆ ಸಾಗಿಸುವ ನಾಳವನ್ನು ತಲುಪುತ್ತದೆ, ಆ ನಾಳದೊಳಗಿನ ಒತ್ತಡವೇ ರಸವನ್ನು ಕೀಟದ ಹೊಟ್ಟೆಗೆ ತಳ್ಳುತ್ತದೆ. ರಸದಲ್ಲಿ ಸಕ್ಕರೆ ಹೇರಳ, ಸಾರಜನಕ ಕಡಿಮೆ. ಬೇಕಾದ ಸಾರಜನಕ ಪಡೆಯಲು ಕೀಟ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ರಸ ಕುಡಿದು ಮಿಕ್ಕ ಸಿಹಿಯನ್ನು ಹಿಂದಿನಿಂದ ಹೊರಹಾಕುತ್ತದೆ. ಎಲೆಯ ಮೇಲಿನ ಅಂಟು, ಅದರ ಮೇಲೆ ಬೆಳೆಯುವ ಕಪ್ಪು ಬೂಸ್ಟು, ಅದನ್ನು ಹುಡುಕಿ ಬರುವ ಇರುವೆಯ ಸಾಲು ಎಲ್ಲಕ್ಕೂ ಈ ಊಟದ ಕ್ರಮವೇ ಕಾರಣ.

ಆದರೆ ಬಾಯಿಯ ವಿಚಾರದಲ್ಲಿ ಚೆನ್ನೈಗೆ ವಿಶೇಷವಾಗಿ ಸಲ್ಲಬೇಕಾದ ಕೀಟವೆಂದರೆ ಥ್ರಿಪ್ಸ್. ಕನ್ನಡದ ರೈತರು ಇದನ್ನು ಥ್ರಿಪ್ಸ್ ನುಸಿಯೆಂದೇ ಕರೆಯುತ್ತಾರೆ. ಲಯೋಲಾ ಕಾಲೇಜಿನಲ್ಲಿ 1963ರಲ್ಲಿ ಪ್ರೊ. ಟಿ. ಎನ್. ಅನಂತಕೃಷ್ಣನ್ ಆರಂಭಿಸಿದ ಕೀಟಸಂಶೋಧನಾ ಘಟಕವು ಮುಂದೆ ಕೀಟಶಾಸ್ತ್ರ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರೂ ಆಗಿದ್ದ ಅವರು ತಮ್ಮ ಜೀವಮಾನದ ಬಹುಭಾಗವನ್ನು ಒಂದೆರಡು ಮಿಲಿಮೀಟರ್ ಉದ್ದದ ಈ ಜೀವಿಗಳ ಅಧ್ಯಯನಕ್ಕೆ ಮೀಸಲಿಟ್ಟರು. ಅದಕ್ಕೂ ಮುಂಚೆ ಮದರಾಸು ಪ್ರಾಂತ್ಯದಲ್ಲಿ ಈ ವಿದ್ಯೆಗೆ ನೆಲ ಹದಮಾಡಿದವರು ಇಬ್ಬರು: 1914ರಲ್ಲಿ ದಕ್ಷಿಣ ಭಾರತದ ಕೀಟಗಳ ಮೇಲೆ ದೊಡ್ಡ ಸಚಿತ್ರ ಗ್ರಂಥವನ್ನು ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ ಹೊರತಂದ ಬೈನ್‌ಬ್ರಿಗ್ ಫ್ಲೆಚರ್ ಮತ್ತು ಕೊಯಮತ್ತೂರಿನಲ್ಲಿ ಥ್ರಿಪ್ಸ್‌ಗಳನ್ನು ಕುರಿತು ಬರೆದ ಟಿ. ವಿ. ರಾಮಕೃಷ್ಣ ಅಯ್ಯರ್.

ಎಡಬಲ ಎರಡೂ ಸಮನಾಗಿರುವುದು ಕೀಟದೇಹದ ಸಾಮಾನ್ಯ ನಿಯಮ. ಥ್ರಿಪ್ಸ್‌ನ ಬಾಯಿ ಆ ನಿಯಮವನ್ನು ಮುರಿದಿದೆ. ಭ್ರೂಣದಲ್ಲಿ ತಲೆದೋರುವ ಬಲ ದವಡೆ ಬೆಳೆಯದೆ ಕರಗಿಹೋಗುತ್ತದೆ, ಎಡ ದವಡೆಯೊಂದೇ ಗಟ್ಟಿ ಮೊಳೆಯಾಗಿ ಉಳಿಯುತ್ತದೆ. ಮೇಲ್ದುಟಿ ಕೆಳದುಟಿಗಳು ಸೇರಿ ಆದ ಶಂಕುವಿನಾಕಾರದ ಬಾಯನ್ನು ಎಲೆಗೊತ್ತಿ ಕೀಟವು ಈ ಮೊಳೆಯಿಂದ ಒಂದು ತೂತು ಹೊಡೆಯುತ್ತದೆ, ಬಳಿಕ ಉಪದವಡೆಯ ಎರಡು ಸೂಜಿಗಳನ್ನು ನಳಿಕೆಯಾಗಿ ಕೂಡಿಸಿ ಆ ತೂತಿನೊಳಗೆ ಇಳಿಸುತ್ತದೆ. ಬೀದಿಬದಿಯಲ್ಲಿ ಎಳನೀರು ಮಾರುವವನು ಮಚ್ಚಿನಿಂದ ಕೊಚ್ಚಿ ಆಮೇಲೆ ಕೊಳವೆ ಹಾಕಿಕೊಡುವ ಕ್ರಮವೇ ಇದು, ಒಂದೊಂದು ಎಳನೀರೂ ಒಂದೊಂದು ಜೀವಕೋಶವೆಂಬುದಷ್ಟೇ ವ್ಯತ್ಯಾಸ. ರಸ ಬರಿದಾದ ಕೋಶದೊಳಗೆ ಗಾಳಿ ತುಂಬಿಕೊಳ್ಳುವುದರಿಂದ ಎಲೆಯ ಮೇಲೆ ಬೆಳ್ಳಿಯ ಹೊಳಪಿನ ಕಲೆ ಮೂಡುತ್ತದೆ. ಹೀಗೆ ಹೊರಪದರದ ಕೋಶಗಳು ಸತ್ತಮೇಲೆ, ಇನ್ನೂ ಬೆಳೆಯುತ್ತಿರುವ ಎಲೆ ಎಲ್ಲ ಕಡೆ ಸಮನಾಗಿ ಹರಡಲಾರದೆ ಮುರುಟುತ್ತದೆ.

ಮೆಣಸಿನಕಾಯಿ ಬೆಳೆಯುವ ಹಾವೇರಿ, ಬ್ಯಾಡಗಿ ಸೀಮೆಯಲ್ಲಿ ಮುಟುರು ರೋಗವೆಂದು ಕರೆಯುವ ತೊಂದರೆಯಲ್ಲಿ ಈ ಬಾಯಿಯ ಪಾಲು ದೊಡ್ಡದು. ಎಲೆಯ ಅಂಚು ಮೇಲ್ಮುಖವಾಗಿ ಮುದುರಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಮುದುರಿದ್ದರೆ ಎಂಟು ಕಾಲಿನ ಮೈಟ್ ನುಸಿ ಎಂಬುದು ಕೃಷಿ ಸಲಹೆಗಾರರ ರೂಢಿಯ ಲೆಕ್ಕಾಚಾರ. ಮೈಟ್ ಕೀಟವರ್ಗಕ್ಕೆ ಸೇರಿದ್ದಲ್ಲವಾದ್ದರಿಂದ ಅದಕ್ಕೆ ಹೊಡೆಯುವ ಔಷಧವೂ ಬೇರೆ, ಎಲೆ ನೋಡದೆ ಅಂಗಡಿಯವನ ಮಾತು ಕೇಳಿ ಸಿಂಪಡಿಸಿದವರ ಹಣ ಮಣ್ಣುಪಾಲಾಗುವುದು ಇಲ್ಲಿಯೇ. ಮೆಣಸಿನ ಹಳೆಯ ಥ್ರಿಪ್ಸ್ ಆದ ಸ್ಕಿರ್ಟೊಥ್ರಿಪ್ಸ್ ಡಾರ್ಸಾಲಿಸ್ 1919ರಲ್ಲೇ ವಿಜ್ಞಾನಕ್ಕೆ ಪರಿಚಿತವಾಗಿತ್ತು. ಅದರ ಜೊತೆಗೆ, 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳ ಮೇಲೆ ಭಾರತದಲ್ಲಿ ಮೊದಲ ಬಾರಿ ವರದಿಯಾದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಇನ್ನೊಂದು ಪ್ರಭೇದವು 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳನ್ನು ಮುತ್ತಿತು. ಇದು ಹೂವಿನೊಳಗೆ ಗುಂಪುಗೂಡಿ ತಿನ್ನುವುದರಿಂದ ಹೂ ಉದುರಿ ಕಾಯಿಯೇ ಕಟ್ಟದೆ ಹೋಯಿತು.

ಥ್ರಿಪ್ಸ್‌ಗಳೆಲ್ಲ ಬೆಳೆಯ ಶತ್ರುಗಳೆಂದು ಭಾವಿಸುವುದು ತಪ್ಪು. ಸತ್ತ ಕೊಂಬೆ, ತರಗೆಲೆಗಳಲ್ಲಿ ಬದುಕುವ ಒಂದು ಉಪಕುಟುಂಬದವು ಶಿಲೀಂಧ್ರದ ಬೀಜಕಣಗಳನ್ನು ಇಡಿಯಾಗಿ ನುಂಗುತ್ತವೆ. ಮಿಕ್ಕ ಥ್ರಿಪ್ಸ್‌ಗಳಲ್ಲಿ ಉಪದವಡೆಯ ಸೂಜಿಗಳ ಅಗಲ ಮಿಲಿಮೀಟರಿನ ಸಾವಿರದಲ್ಲಿ ಒಂದರಿಂದ ಮೂರು ಭಾಗವಿದ್ದರೆ ಇವುಗಳಲ್ಲಿ ಅದು ಐದರಿಂದ ಹತ್ತು ಭಾಗ. ಬೀಜಕಣ ಹಾಯುವಷ್ಟು ಅಗಲ. ಗಾಜಿನ ಪಟ್ಟಿಯ ಮೇಲೆ ಕೀಟದ ತಲೆಯನ್ನಿಟ್ಟು ಸೂಕ್ಷ್ಮದರ್ಶಕದಲ್ಲಿ ಸೂಜಿಯ ಅಗಲ ಅಳೆದರೆ, ಆ ಕೀಟ ಬದುಕಿದ್ದಾಗ ಏನು ತಿನ್ನುತ್ತಿತ್ತೆಂದು ಸಾಕಷ್ಟು ಭರವಸೆಯಿಂದ ಹೇಳಬಹುದು.

ಬಾಯಿಯ ರಚನೆ ತಿಳಿಯದೆ ಕೀಟನಾಶಕ ಬಳಸುವುದು ಎಷ್ಟು ವ್ಯರ್ಥವೆಂಬುದಕ್ಕೆ ಹತ್ತಿಯ ಇತಿಹಾಸವೇ ಉದಾಹರಣೆ. ಎಲೆಯ ಮೇಲೆ ಬಿದ್ದ ಜಠರವಿಷ ಎಲೆ ಅಗಿಯುವ ಹುಳುವನ್ನು ಕೊಲ್ಲುತ್ತದೆ, ಆದರೆ ಮೇಲ್ಪದರ ದಾಟಿ ಒಳಗಿನ ರಸ ಹೀರುವ ಜಿಗಿಹುಳುವಿನ ಹೊಟ್ಟೆಗೆ ಅದು ಹೋಗುವುದೇ ಇಲ್ಲ. ಅದಕ್ಕೆ ಗಿಡದ ರಸದಲ್ಲೇ ಬೆರೆತು ಹರಿಯುವ ಅಂತರ್ವ್ಯಾಪಿ ಔಷಧ ಬೇಕು ಅಥವಾ ಮೈಗೆ ತಾಗಿ ಕೊಲ್ಲುವಂಥದ್ದು ಬೇಕು. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯ ಪ್ರೋಟೀನ್ ಗಿಡವನ್ನು ಅಗಿದು ನುಂಗಿದ ಕಾಯಿಕೊರಕ ಹುಳುವಿನ ಕರುಳನ್ನು ಹಾಳುಮಾಡುವಂಥದ್ದು, ರಸ ಹೀರುವ ಕೀಟಗಳಿಗೆ ಅದರಿಂದ ಬಾಧೆಯಿಲ್ಲ; ಕಾಯಿಕೊರಕಕ್ಕೆಂದು ಹೊಡೆಯುತ್ತಿದ್ದ ಸಿಂಪಡಣೆ ಕಡಿಮೆಯಾದ ಮೇಲೆ ಹಿಟ್ಟುತಿಗಣೆ ಮತ್ತಿತರ ರಸ ಹೀರುವ ಕೀಟಗಳ ಹಾವಳಿ ಹೊಲಗಳಲ್ಲಿ ಹೆಚ್ಚಿತು.

ಚೆನ್ನೈನ ಜನಸಾಮಾನ್ಯರು ದಿನವೂ ಎದುರಿಸುವ ಬಾಯಿ ಸೊಳ್ಳೆಯದು. ಹೆಣ್ಣುಸೊಳ್ಳೆಯ ಸೊಂಡಿಲಾಗಿ ಕಣ್ಣಿಗೆ ಕಾಣುವುದು ಕೆಳದುಟಿಯ ಒರೆ ಮಾತ್ರ. ಚರ್ಮದೊಳಗೆ ಇಳಿಯುವುದು ಅದರೊಳಗಿನ ಆರು ಸೂಜಿಗಳ ಕಟ್ಟು. ಎರಡು ದವಡೆ, ಎರಡು ಉಪದವಡೆ, ಮೇಲ್ದುಟಿ, ಒಳನಾಲಗೆ ಎಂದು ಎಣಿಸಿದರೆ ಜಿರಲೆಯಲ್ಲಿ ಕಂಡ ಭಾಗಗಳೇ ಲೆಕ್ಕ ತಪ್ಪದೆ ಸಿಗುತ್ತವೆ. ಉಪದವಡೆಯ ತುದಿಯ ಗರಗಸದ ಹಲ್ಲುಗಳು ಚರ್ಮವನ್ನು ಕೊಯ್ದು ಹಿಡಿತ ಕೊಡುತ್ತವೆ, ಕಟ್ಟು ಒಳಗಿಳಿದ ಹಾಗೆಲ್ಲ ಒರೆ ಬಿಲ್ಲಿನಂತೆ ಬಾಗಿ ಹೊರಗೇ ಉಳಿಯುತ್ತದೆ, ಮೇಲ್ದುಟಿಯ ಕಾಲುವೆಯಿಂದ ರಕ್ತ ಮೇಲೇರುತ್ತದೆ, ಒಳನಾಲಗೆಯ ಸಪುರ ನಾಳದಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಜೊಲ್ಲು ಕೆಳಗಿಳಿಯುತ್ತದೆ. ಗಂಡಿನಲ್ಲಿ ಚುಚ್ಚುವ ಸೂಜಿಗಳು ಮೊಟಕಾಗಿರುವುದರಿಂದ ಅದು ಹೂವಿನ ಮಕರಂದದಲ್ಲೇ ತೃಪ್ತಿಪಡಬೇಕು.

ರಕ್ತಕ್ಕೂ ಜೊಲ್ಲಿಗೂ ಬೇರೆಬೇರೆ ದಾರಿಗಳಿರುವುದರಲ್ಲೇ ರೋಗದ ಗುಟ್ಟು ಅಡಗಿದೆ. 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದರಾಸಿನಲ್ಲಿ ವೃತ್ತಿ ಆರಂಭಿಸಿ, ಎರಡು ವರ್ಷದ ನಂತರ ಬೆಂಗಳೂರಿನಲ್ಲೂ ಇದ್ದ ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರು. ಆದರೆ ಹೊಟ್ಟೆ ಸೇರಿದ್ದು ಮತ್ತೊಬ್ಬರ ಮೈಗೆ ಹೋಗುವ ಬಗೆ ತಿಳಿಯಲಿಲ್ಲ. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಕುರಿತು ಕೆಲಸ ಮಾಡುವಾಗ ಪರಾವಲಂಬಿ ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರುವುದು ಕಂಡ ಮೇಲೆಯೇ ಕಥೆ ಪೂರ್ತಿಯಾಯಿತು. ಸೊಳ್ಳೆ ರಕ್ತ ಕುಡಿಯುವುದರಿಂದ ಅದಕ್ಕೆ ಸೋಂಕು ತಗುಲುತ್ತದೆ, ಜೊಲ್ಲು ಸುರಿಸುವುದರಿಂದ ಅದು ಸೋಂಕು ಹರಡುತ್ತದೆ.

ದಶಕಗಳ ಕಾಲ ತಮಿಳುನಾಡಿನ ಮಲೇರಿಯಾದಲ್ಲಿ ದೊಡ್ಡ ಪಾಲು ಚೆನ್ನೈನದೇ ಆಗಿತ್ತು. ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಮಾಳಿಗೆಯ ಮೇಲಿನ ನೀರಿನ ತೊಟ್ಟಿ, ಮನೆಯ ಬಾವಿಗಳ ತಿಳಿನೀರಿನಲ್ಲಿ ಮೊಟ್ಟೆಯಿಟ್ಟರೆ, ಆನೆಕಾಲು ರೋಗ ಹರಡಬಲ್ಲ ಕ್ಯೂಲೆಕ್ಸ್ ಸೊಳ್ಳೆಗೆ ಕೂವಂ ನದಿ, ಬಕಿಂಗ್‌ಹ್ಯಾಮ್ ಕಾಲುವೆಗಳ ಕೊಳಕು ನೀರೇ ತವರು. ಈ ಎರಡನ್ನು ಬೇರ್ಪಡಿಸಲೂ ಬಾಯಿಯೇ ನೆರವಾಗುತ್ತದೆ: ಹೆಣ್ಣು ಅನಾಫಿಲಿಸ್‌ನಲ್ಲಿ ಪಾಲ್ಪ್‌ಗಳು ಸೊಂಡಿಲಿನಷ್ಟೇ ಉದ್ದ, ಹೆಣ್ಣು ಕ್ಯೂಲೆಕ್ಸ್‌ನಲ್ಲೂ ಡೆಂಗಿ ಹರಡುವ ಈಡಿಸ್‌ನಲ್ಲೂ ಅವು ಬುಡದಲ್ಲಿ ಮೊಟಕಾಗಿ ನಿಂತಿರುತ್ತವೆ.

ಮನೆನೊಣಕ್ಕೆ ದವಡೆಯೇ ಇಲ್ಲ. ಕೆಳದುಟಿಯ ತುದಿಯ ಮೆತ್ತೆಯ ಮೇಲಿನ ಸೂಕ್ಷ್ಮ ಕಾಲುವೆಗಳಿಂದ ದ್ರವವನ್ನಷ್ಟೇ ಅದು ಹೀರಬಲ್ಲದು, ಸಕ್ಕರೆಯಂಥ ಗಟ್ಟಿ ಪದಾರ್ಥವಾದರೆ ಮೊದಲು ಜೊಲ್ಲು ಸುರಿಸಿ ಕರಗಿಸಿಕೊಳ್ಳಬೇಕು, ಹೊಲಸಿನಿಂದ ತಿಂಡಿಗೆ ರೋಗಾಣು ದಾಟುವ ದಾರಿಗಳಲ್ಲಿ ಇದೂ ಒಂದು. ಜೇನು ಎರಡೂ ಬಗೆಯನ್ನು ಉಳಿಸಿಕೊಂಡಿದೆ: ಮೇಣ ಮಿದಿಯಲು ದವಡೆ, ಮಕರಂದ ನೆಕ್ಕಲು ರೋಮ ತುಂಬಿದ ಉದ್ದ ನಾಲಗೆ. ಕೆರೆ ಕುಂಟೆಗಳ ತಳದಲ್ಲಿ ಹೊಂಚುಹಾಕುವ ಏರೋಪ್ಲೇನ್ ಚಿಟ್ಟೆಯ ಮರಿ ಕೆಳದುಟಿಯನ್ನೇ ಕೀಲುಳ್ಳ ತೋಳಾಗಿಸಿಕೊಂಡು ತಲೆಯ ಕೆಳಗೆ ಮಡಿಸಿಟ್ಟಿರುತ್ತದೆ, ಸೊಳ್ಳೆಮರಿ ಹತ್ತಿರ ಸುಳಿದೊಡನೆ ಅದನ್ನು ಕಣ್ಣು ಮಿಟುಕಿಸುವುದರೊಳಗೆ ಚಾಚಿ ಹಿಡಿಯುತ್ತದೆ.

ಇವೆಲ್ಲವುಗಳಿಗಿಂತ ಬೆರಗಿನದು, ಒಂದೇ ಜೀವಿ ಒಂದೇ ಜನ್ಮದಲ್ಲಿ ಎರಡು ಬಾಯಿಗಳನ್ನು ಪಡೆಯುವುದು. ಕರಿಬೇವಿನ ಎಲೆಯನ್ನು ಅಂಚಿನಿಂದ ಅಗಿದು ತಿನ್ನುವ ಮರಿಹುಳು ಪೊರೆಹುಳುವಾಗಿ ಮಲಗಿ ಚಿಟ್ಟೆಯಾಗಿ ಎದ್ದಾಗ ದವಡೆಗಳು ಇಲ್ಲವಾಗಿ, ಉಪದವಡೆಗಳು ನೀಳವಾಗಿ ಬೆಳೆದಿರುತ್ತವೆ. ಗೂಡಿನಿಂದ ಹೊರಬಂದ ಚಿಟ್ಟೆ ಮೊದಲು ಮಾಡುವ ಕೆಲಸಗಳಲ್ಲಿ ಈ ಎರಡು ಬಿಡಿ ಎಳೆಗಳನ್ನು ಸೂಕ್ಷ್ಮ ಕೊಕ್ಕೆಗಳಿಂದ ಜೋಡಿಸಿ ಒಂದು ನಳಿಕೆಯಾಗಿಸಿಕೊಳ್ಳುವುದೂ ಒಂದು. ಹೀಗೆ ಮರಿಯೂ ತಾಯಿಯೂ ಬೇರೆಬೇರೆ ಆಹಾರ ತಿನ್ನುವುದರಿಂದ ಇಬ್ಬರಿಗೂ ಪೈಪೋಟಿಯಿಲ್ಲ. ಸಾಮಾನ್ಯವಾಗಿ ಬೆಳೆಗೆ ಕೇಡು ಮಾಡುವುದು ಮರಿಹುಳು, ಆದರೆ ಹಣ್ಣು ಹೀರುವ ಪತಂಗಗಳಲ್ಲಿ ಇದು ತಿರುವುಮುರುವು: ಮರಿ ಅಮೃತಬಳ್ಳಿಯಂಥ ಕಾಡುಬಳ್ಳಿಗಳನ್ನು ತಿಂದುಕೊಂಡಿರುತ್ತದೆ, ಮುಳ್ಳುಗಳುಳ್ಳ ಗಟ್ಟಿ ಸೊಂಡಿಲಿನ ಪತಂಗ ರಾತ್ರಿ ತೋಟಕ್ಕೆ ನುಗ್ಗಿ ದಾಳಿಂಬೆ, ಕಿತ್ತಳೆಗಳ ಸಿಪ್ಪೆ ತೂರಿ ರಸ ಕುಡಿಯುತ್ತದೆ, ತೂತಿನಿಂದ ಹಣ್ಣು ಕೊಳೆಯುತ್ತದೆ.

ಚೆನ್ನೈ ಪಕ್ಕದ ಕಾಂಚೀಪುರದ ಮಗ್ಗಗಳಿಗೆ ನೂಲು ಒದಗಿಸುತ್ತ ಬಂದ ಕರ್ನಾಟಕದ ರೇಷ್ಮೆಹುಳುವಿನದು ಇದಕ್ಕಿಂತಲೂ ವಿಚಿತ್ರವಾದ ಬಾಯಿ. ಹಿಪ್ಪುನೇರಳೆ ಸೊಪ್ಪನ್ನು ಅಗಿಯುತ್ತ, ನಾಲ್ಕು ಬಾರಿ ಪೊರೆ ಬಿಡುತ್ತ, ಸಾಕುವವರ ಮಾತಿನಲ್ಲಿ ಹೇಳುವುದಾದರೆ ನಾಲ್ಕು ‘ಜ್ವರ’ ದಾಟಿ, ಸುಮಾರು 25 ದಿನಗಳಲ್ಲಿ ಅದು ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ತಿಂದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಐದನೆಯ ಹಂತದ್ದೇ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಾಗ ಅದು ತೆಗೆಯುವ ನೂಲು ಜೊಲ್ಲುಗ್ರಂಥಿಯ ಮಾರ್ಪಾಟಾದ ರೇಷ್ಮೆಗ್ರಂಥಿಗಳಲ್ಲಿ ತಯಾರಾಗಿ ಕೆಳದುಟಿಯ ಸಣ್ಣ ನಳಿಕೆಯಿಂದ ಹೊರಬರುತ್ತದೆ. ಜಿರಲೆಯ ಒಳನಾಲಗೆಯ ಬುಡದಲ್ಲಿ ತೆರೆದುಕೊಳ್ಳುವ ಗ್ರಂಥಿಗೂ ಮದುವೆಯ ಸೀರೆಗೂ ಇರುವ ನಂಟು ಇದು.

ಪತಂಗವಾಗಿ ಎದ್ದ ಮೇಲೆ ಆ ಹುಳುವಿಗೆ ಊಟವೇ ಇಲ್ಲ. ಉಪದವಡೆಗಳು ಸೊಂಡಿಲಾಗಿ ಬೆಳೆಯದೆ ಗಿಡ್ಡಾಗಿ ಉಳಿದಿರುತ್ತವೆ. ಅವು ಕೆಲಸವಿಲ್ಲದೆ ಉಳಿದಿವೆಯೆಂದೂ ಹೇಳುವಂತಿಲ್ಲ, ಗೂಡಿನ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಪದಾರ್ಥವನ್ನು ಕರಗಿಸುವ ಕಿಣ್ವ ಒಸರುವುದು ಅವುಗಳಿಂದಲೇ. ಅಂಟು ಸಡಿಲವಾದ ಕಡೆ ತಲೆಯಿಂದ ನೂಕಿ ಪತಂಗ ಹೊರಬರುತ್ತದೆ, ಜೊತೆಗೂಡುತ್ತದೆ, ನಾನೂರು ಐನೂರು ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೀಗೆ ತೂತಾದ ಗೂಡಿನಿಂದ ಉದ್ದನೆಯ ಒಂದೇ ಎಳೆಯನ್ನು ಬಿಚ್ಚಲಾಗದು. ಆದ್ದರಿಂದ ರಾಮನಗರದ ಮಾರುಕಟ್ಟೆಯಿಂದ ಗೂಡು ಕೊಂಡೊಯ್ದ ರೀಲರುಗಳು, ಬೀಜದ ಗೂಡುಗಳನ್ನು ಬಿಟ್ಟು ಉಳಿದೆಲ್ಲವನ್ನೂ, ಪತಂಗ ಏಳುವ ಮೊದಲೇ ಶಾಖ ಕೊಟ್ಟು ಒಣಗಿಸುತ್ತಾರೆ.